ಪೊಟ್ಟಣದೊಳಗಿನ ಜೀವಾಣುಗಳನ್ನು ಎಣಿಸುವ ಬಗೆ



ಶೇಂಗಾ, ತೊಗರಿ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪೊಟ್ಟಣದಲ್ಲಿ ಕಣ್ಣಿಗೆ ಕಾಣುವುದು ಕಪ್ಪು ಪುಡಿ ಮಾತ್ರ. ನೀವು ಹಣ ಕೊಡುವುದು ಅದರೊಳಗಿನ ಜೀವಂತ ಬ್ಯಾಕ್ಟೀರಿಯಾಗಳಿಗೆ. ಅವು ಬದುಕಿವೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ತಿಳಿಯುವುದು ಹೇಗೆ?

ಒಂದು ಗ್ರಾಂ ಪುಡಿಯನ್ನು ಸೂಕ್ಷ್ಮಾಣುರಹಿತ ನೀರಿನಲ್ಲಿ ಕದಡಿ, ಹಂತಹಂತವಾಗಿ 10 ಲಕ್ಷ ಪಟ್ಟು ತೆಳುಗೊಳಿಸುತ್ತೇವೆ. ಅದರಲ್ಲಿ ಒಂದು ಮಿಲಿಲೀಟರನ್ನು ಗಾಜಿನ ತಟ್ಟೆಗೆ ಹಾಕಿ, ಮ್ಯಾನಿಟಾಲ್, ಯೀಸ್ಟ್ ಸಾರ, ಕಾಂಗೋ ಕೆಂಪು ಬಣ್ಣ ಬೆರೆಸಿದ ಅಗರ್ ಸುರಿದು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಡುತ್ತೇವೆ. ಶೇಂಗಾದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ನಿಧಾನಿ, ವಾರವಾದರೂ ಕಾಯಬೇಕು. ರೈಜೋಬಿಯಂ ಆ ಬಣ್ಣವನ್ನು ಅಷ್ಟಾಗಿ ಹೀರದೆ ಬಿಳಿಯ ಲೋಳೆ ಚುಕ್ಕೆಗಳಾಗಿ ಮೂಡುತ್ತದೆ. ಕಡುಗೆಂಪಾದವು ಸಾಮಾನ್ಯವಾಗಿ ಬೇರೆ ಜಾತಿಯವು. ಬಿಳಿಯವು 50 ಬಂದರೆ ಗ್ರಾಂಗೆ 5 ಕೋಟಿ ಎಂದರ್ಥ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಕೇಳುವ ಕನಿಷ್ಠ ಸಂಖ್ಯೆಯೂ ಅಷ್ಟೇ.

ಆದರೆ ಇದು ಪರೀಕ್ಷೆ ಮಾಡಿದ ದಿನದ ಲೆಕ್ಕ. ಕಾದ ತಗಡಿನ ಮಾಡಿನಡಿ ಇಟ್ಟರೆ ಸಂಖ್ಯೆ ಕುಸಿಯುತ್ತದೆ, ಪುಡಿ ಮಾತ್ರ ಕಪ್ಪಾಗಿಯೇ ಇರುತ್ತದೆ. ಆದುದರಿಂದ ಅವಧಿ ನೋಡಿ ಕೊಳ್ಳಿರಿ; ಲೇಪಿಸಿದ ಬೀಜವನ್ನು ನೆರಳಿನಲ್ಲೇ ಆರಿಸಿ ಕೂಡಲೇ ಬಿತ್ತಿರಿ.

ಹೂ ಬಿಡುವ ವೇಳೆಗೆ ಒಂದು ಗಿಡವನ್ನು ಮಣ್ಣುಸಹಿತ ಅಗೆದು ಬೇರುಗಂಟು ಸೀಳಿ ನೋಡಿರಿ. ಒಳಗೆ ನಸುಗೆಂಪಿದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಪೊಟ್ಟಣದ್ದೋ, ಹೊಲದಲ್ಲೇ ಇದ್ದುದೋ ಎಂಬುದನ್ನು ಮಾತ್ರ ಗಂಟು ಹೇಳುವುದಿಲ್ಲ.