ಪಂಚನಾಮೆ ಬರೆಯುವ ಕೈ ನಮ್ಮದೂ ಆಗಲಿ

(ಧಾರವಾಡದ ಮಾಳಮಡ್ಡಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಒಂದು ಓದಿನ ಬಗ್ಗೆ ಮಾತಾಡಬೇಕೆಂದಿದ್ದೇನೆ. ಅದರ ಹೆಸರು ಅಪರಾಧಶಾಸ್ತ್ರ. ‘ಅದು ಪೊಲೀಸರ ಕೆಲಸರೀ, ನಮ್ಮ ಹುಡುಗ್ಯಾರಿಗೆ ಯಾಕ ಬೇಕು?’ ಎಂದು ನೀವು ಕೇಳಬಹುದು. ಯಾಕೆ ಬೇಕು ಎಂಬುದನ್ನೇ ಹೇಳುತ್ತೇನೆ.

‘ಸ್ಟೋ ಸಿಡದು ಸತ್ಲು’ ಎಂಬ ಮಾತು ನಮಗೆ ಯಾರಿಗೂ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಈ ಮಾತನ್ನು ಸುಮ್ಮನೆ ನಂಬಲಿಲ್ಲ. ಸುಟ್ಟಗಾಯದ ವಾರ್ಡಿಗೆ ಹೋದರು. ಪೊಲೀಸ್ ದಾಖಲೆಗಳನ್ನು ಓದಿದರು. ಸತ್ತವರ ತವರಿನವರನ್ನು ಮಾತಾಡಿಸಿದರು. ಅಪಘಾತ, ಆತ್ಮಹತ್ಯೆ ಎಂದು ಬರೆದು ಮುಚ್ಚಿದ ಕಡತಗಳ ಹಿಂದೆ ಹೊಡೆತ, ಬಡಿತ, ವರದಕ್ಷಿಣೆಯ ಪೀಡನೆ ಇದ್ದದ್ದನ್ನು ಹೊರಗೆ ತಂದರು. ಅಪರಾಧವನ್ನು ಅಭ್ಯಾಸ ಮಾಡುವುದೆಂದರೆ ಇದೇ.

ಇಂಥ ಸಾವಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ಸ್ಟೋವಿನ ಟಾಕಿ ನಿಜವಾಗಿ ಒಡೆದಿದೆಯೇ? ಸೀರೆಯ ಉಳಿದ ತುಂಡಿನಲ್ಲಿ, ತಲೆಗೂದಲಿನಲ್ಲಿ ಸೀಮೆಎಣ್ಣೆ ಇದೆಯೇ? ಶ್ವಾಸನಾಳದಲ್ಲಿ ಮಸಿ ಇದೆಯೇ? ಇದ್ದರೆ ಬೆಂಕಿ ಹತ್ತಿದಾಗ ಆಕೆ ಉಸಿರಾಡುತ್ತಿದ್ದಳು ಎಂದು ಅರ್ಥ. ಇಲ್ಲದಿದ್ದರೆ ಮೊದಲೇ ಸತ್ತಿದ್ದಳೇ ಎಂದು ತನಿಖೆ ನಡೆಯಬೇಕು. ಮೊದಲ ದಿನ ಇದನ್ನು ಯಾರೂ ನೋಡದಿದ್ದರೆ, ಅಡುಗೆಮನೆ ತೊಳೆದ ಮೇಲೆ ಯಾವ ವಕೀಲರೂ ಏನೂ ಮಾಡಲಾರರು.

ಕಾನೂನು ನಮ್ಮ ಕಡೆ ಇಲ್ಲ ಎನ್ನಬೇಡಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧ ಮಾಡಿದ 498ಎ ಕಲಮು 1983ರಲ್ಲಿ ಬಂತು. ವರದಕ್ಷಿಣೆ ಸಾವಿನ 304ಬಿ ಕಲಮು 1986ರಲ್ಲಿ ಬಂತು. 2024ರ ಜುಲೈ 1ರಿಂದ ಇವು ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80ನೇ ಕಲಮುಗಳಾಗಿವೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಅಥವಾ ಅಸಹಜವಾಗಿ ಸತ್ತರೆ, ಸಾವಿಗೆ ತುಸು ಮುಂಚೆ ವರದಕ್ಷಿಣೆಗಾಗಿ ಪೀಡನೆ ಇತ್ತೆಂದು ತೋರಿಸಿದರೆ, ನ್ಯಾಯಾಲಯ ಅದನ್ನು ವರದಕ್ಷಿಣೆ ಸಾವೆಂದೇ ಭಾವಿಸುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಗಂಡನ ಮನೆಯವರದು.

ಆದರೆ ಆ ‘ತುಸು ಮುಂಚೆ’ ನಡೆದದ್ದು ಯಾರಿಗೆ ಗೊತ್ತಿರುತ್ತದೆ? ಪಕ್ಕದ ಮನೆಯವರಿಗೆ. ವಾರವಾರ ಉಳಿತಾಯ ಕಟ್ಟಲು ಬರುವಾಗ ಅವಳ ಕೈಮೇಲಿನ ಬಾಸುಂಡೆ ನೋಡಿದ ನಿಮಗೆ. ಆ ದಿನವೇ ತಾರೀಖು ಹಾಕಿ ಬರೆದಿಟ್ಟ ಒಂದು ಸಾಲಿಗೆ, ಆರು ತಿಂಗಳ ನಂತರ ನೆನಪು ಮಾಡಿಕೊಂಡು ಹೇಳಿದ ಹತ್ತು ಮಾತಿಗಿಂತ ಹೆಚ್ಚು ಬೆಲೆ.

ಇನ್ನು ಸಾಯುವ ಮುಂಚೆಯೇ ಉಳಿಸುವ ಕೆಲಸವಿದೆ. ಅದೇ ದೊಡ್ಡದು. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರು ಬರೆಯುವ ಕೌಟುಂಬಿಕ ಘಟನಾ ವರದಿಯ ಆಧಾರದ ಮೇಲೆ ಮ್ಯಾಜಿಸ್ಟ್ರೇಟರು ರಕ್ಷಣೆ, ವಾಸ, ಜೀವನಾಂಶದ ಆದೇಶ ಕೊಡಬಹುದು. ಆ ವರದಿಯಲ್ಲಿ ‘ಗಂಡ–ಹೆಂಡತಿ ಜಗಳ’ ಎಂದು ಬರೆಯುವುದಕ್ಕೂ, ಯಾವತ್ತು, ಯಾವುದರಿಂದ, ಎಲ್ಲಿಗೆ ಹೊಡೆದ ಎಂದು ಬರೆಯುವುದಕ್ಕೂ ಅಜಗಜಾಂತರ. ಅದನ್ನು ಬರೆಯುವವರು ಕಲಿತವರಾಗಿರಬೇಕು. ನಮ್ಮ ಮನೆಯ ಕಷ್ಟ ಬಲ್ಲವರೂ ಆಗಿರಬೇಕು.

ಈ ಓದಿಗೆ ಧಾರವಾಡದ ಹುಡುಗಿ ದೂರ ಹೋಗಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವಿದೆ, ಸಮಾಜಕಾರ್ಯದ ವಿಭಾಗವಿದೆ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ವರದಕ್ಷಿಣೆ ಸಾವೂ ಆ ಪಟ್ಟಿಯಲ್ಲಿ ಬರುತ್ತದೆ. ಹಾಗಾದರೆ ಆ ತಜ್ಞರು ಎಲ್ಲಿಂದ ಬರಬೇಕು? ನಮ್ಮ ಓಣಿಗಳಿಂದ ಯಾಕೆ ಬರಬಾರದು?

ಪ್ರಯೋಗಾಲಯ ಒಂದೇ ದಾರಿಯಲ್ಲ. ಸಾಂತ್ವನ ಕೇಂದ್ರ, ಸಖಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕಿಯರು ಬೇಕು. ಮಕ್ಕಳ ರಕ್ಷಣಾ ಘಟಕಗಳಿಗೆ, ಪರಿವೀಕ್ಷಣಾಧಿಕಾರಿಗಳ ಹುದ್ದೆಗಳಿಗೆ ಓದಿದವರು ಬೇಕು. ಒಂದು ಮಾತು: ಪದವಿ ಬಂದ ಕೂಡಲೇ ನೌಕರಿ ಬಾಗಿಲಿಗೆ ಬರುವುದಿಲ್ಲ. ಎಷ್ಟೋ ಹುದ್ದೆಗಳು ಗುತ್ತಿಗೆಯವು, ಕೆಲವಕ್ಕೆ ಸಮಾಜಕಾರ್ಯದ ಪದವಿಯನ್ನೇ ಕೇಳುತ್ತಾರೆ. ಸೇರುವ ಮುಂಚೆ ವಿಚಾರಿಸಿ. ಹೆಚ್ಚು ಓದದ ನಮಗೂ ದಾರಿ ಇದೆ. ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕಿಯಾಗಲು ಪದವಿ ಕಡ್ಡಾಯವಲ್ಲ, ತರಬೇತಿ ಅವರೇ ಕೊಡುತ್ತಾರೆ. ಮತ್ತು ನೆನಪಿಡಿ, ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳಿದೆ.

ಕೊನೆಗೆ ನಮ್ಮ ಸಂಘಗಳಿಗೆ ಕೇಳಬೇಕಾದ ಮಾತು. ‘ಮಗಳ ಮದುವಿ ಖರ್ಚು’ ಎಂದು ಬರೆದು ಕೊಡುವ ಸಾಲದಲ್ಲಿ ಎಷ್ಟು ಪಾಲು ವರದಕ್ಷಿಣೆಗೆ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಕೊಡುವುದೂ ಅಪರಾಧವೇ. ಪೀಡನೆಗೆ ಒಳಗಾದವಳು ದೂರು ಹೇಳಿದರೆ ಆ ಹೇಳಿಕೆಯಿಂದ ಅವಳ ಮೇಲೆ ಮೊಕದ್ದಮೆ ಬರುವುದಿಲ್ಲ, ಅದು ಬೇರೆ ಮಾತು. ಆದರೆ ನಾವು ಹತ್ತು ಹತ್ತು ರೂಪಾಯಿ ಕೂಡಿಸಿದ ಹಣ ನಮ್ಮ ಮಗಳ ಕೊರಳಿಗೆ ಉರುಲಾಗಬೇಕೇ? ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿ, ಗಂಡ ಸತ್ತ ಹೆಣ್ಣುಮಕ್ಕಳಿಗೆ ಓದು, ಕಸುಬು ಕೊಟ್ಟ ಊರು ಇದು. ಹೆಣ್ಣಿನ ಕೈಗೆ ಓದು ಬಂದರೆ ಏನಾಗುತ್ತದೆ ಎಂದು ಧಾರವಾಡಕ್ಕೆ ಹೊಸದಾಗಿ ಹೇಳಬೇಕಿಲ್ಲ.

ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ: ವರದಕ್ಷಿಣೆಗೆ ಸಂಘದಿಂದ ಸಾಲವಿಲ್ಲ, ಓದುವ ಹುಡುಗಿಯ ಫೀಜಿಗೆ, ಹಾಸ್ಟೆಲ್ಲಿಗೆ ಕಡಿಮೆ ಬಡ್ಡಿಯ ಸಾಲ ಮೊದಲು. ಪ್ರತಿ ಸಂಘದಿಂದ ಒಬ್ಬ ಹುಡುಗಿ ಈ ಓದಿಗೆ ಹೋಗಲಿ. ಒಬ್ಬ ಅಕ್ಕ ಅರೆಕಾನೂನು ತರಬೇತಿಗೆ ಹೋಗಲಿ. ಯಾರಾದರೂ ಹೊಡೆತ ತಿಂದು ನಿಮ್ಮ ಬಾಗಿಲಿಗೆ ಬಂದರೆ 181ಕ್ಕೆ ಫೋನು ಮಾಡಿ, ತುರ್ತಾಗಿದ್ದರೆ 112ಕ್ಕೆ. ‘ಹೊಂದಿಕೊಂಡು ಹೋಗವ್ವಾ’ ಎಂದು ಹೇಳಿ ಹಿಂದಕ್ಕೆ ಮಾತ್ರ ಕಳಿಸಬೇಡಿ.