ಕೈಕೆಲಸ ಕಲಿಸಿದ ಆಟಗಾರ



ಕ್ರಿಕೆಟ್ ಬಿಟ್ಟು ಇವನು ಬೇಸ್‌ಬಾಲ್ ಯಾಕೆ ಹಿಡಿದ ಅಂತ ನಗಬೇಡಿ. ರೂಮಿನಲ್ಲಿ ‘ಮನಿಬಾಲ್’ ಸಿನಿಮಾ ನೋಡಿದೆ. ಮೊಣಕೈ ಪೆಟ್ಟಿನಿಂದ ಹಳೇ ಜಾಗ ಕಳೆದುಕೊಂಡ ಸ್ಕಾಟ್ ಹ್ಯಾಟ್‌ಬರ್ಗ್‌ಗೆ ಒಬ್ಬ ಕೋಚ್ ಹೊಸ ಜಾಗದ ಕೆಲಸ ಕಲಿಸುತ್ತಾರೆ. ಆ ಕೋಚ್ ನಿಜವಾಗಿ ಇರುವ ಮನುಷ್ಯ, ರಾನ್ ವಾಷಿಂಗ್ಟನ್. ಅವರ ಬಗ್ಗೆ ಓದಿದಾಗ ನನಗೆ ನಮ್ಮ ಐಟಿಐ ನೆನಪಾಯ್ತು.

1952ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದವರು. ಕಾನ್ಸಾಸ್ ಸಿಟಿ ರಾಯಲ್ಸ್ ತಂಡ ಫ್ಲಾರಿಡಾದಲ್ಲಿ ಹುಡುಗರಿಗೆ ಬೇಸ್‌ಬಾಲ್ ಕಲಿಸಲು ಅಕಾಡೆಮಿ ತೆರೆದಿತ್ತು. ಇವರು ಅಲ್ಲಿ ಕಲಿತರು. 1970ರಲ್ಲಿ ತಂಡದ ಕರಾರಿಗೆ ಸಹಿ ಹಾಕಿದವರಿಗೆ ದೊಡ್ಡ ಲೀಗಿನ ಮೊದಲ ಪಂದ್ಯ ಸಿಕ್ಕಿದ್ದು 1977ರಲ್ಲಿ, ಡಾಡ್ಜರ್ಸ್ ತಂಡದಲ್ಲಿ. ಅಲ್ಲಿ 10 ಪಂದ್ಯ ಆಡಿ ಮತ್ತೆ ಕೆಳಗಿನ ಲೀಗಿಗೆ ಹೋದರು. ಮೇಲೆ ಬರಲು 1981ರವರೆಗೆ ಕಾಯಬೇಕಾಯ್ತು. 1989ಕ್ಕೆ ದೊಡ್ಡ ಲೀಗಿನ ಆಟ ಮುಗಿದಾಗ ಒಟ್ಟು 564 ಪಂದ್ಯ, 20 ಹೋಂ ರನ್. ದೊಡ್ಡ ಸ್ಟಾರ್ ಏನಲ್ಲ.

ಅವರು ಇನ್‌ಫೀಲ್ಡರ್. ನೆಲಕ್ಕೆ ತಾಗಿ ನುಗ್ಗಿ ಬರುವ ಚೆಂಡನ್ನು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಎಸೆಯಬೇಕು. ಈ ಕೆಲಸವನ್ನೇ ಅವರು 1996ರಿಂದ ಓಕ್ಲೆಂಡ್ ತಂಡದಲ್ಲಿ ಕಲಿಸಿದರು. ಆಟಗಾರನನ್ನು ಮಂಡಿಯೂರಿಸಿ, ಕೈಗೆ ಪುಟ್ಟ ಗ್ಲೌಸ್ ಕೊಟ್ಟು, ಹತ್ತಿರದಿಂದ ಚೆಂಡು ಉರುಳಿಸೋದು. ದಿನಾ ಅದೇ ಪಾಠ. ಎರಿಕ್ ಚಾವೆಜ್ ಎಂಬ ಆಟಗಾರ ತನಗೆ ಬಂದ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನೇ ಇವರಿಗೆ ಕೊಟ್ಟುಬಿಟ್ಟರು. ನೀವಿಲ್ಲದೆ ಇದು ಬರುತ್ತಿರಲಿಲ್ಲ ಅನ್ನೋ ಅರ್ಥದ ಮಾತು ಅದರ ಮೇಲೆ ಬರೆದಿತ್ತು.

2007ರಲ್ಲಿ ಟೆಕ್ಸಾಸ್ ರೇಂಜರ್ಸ್ ಮ್ಯಾನೇಜರ್ ಆದರು. 2009ರಲ್ಲಿ ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತಪ್ಪು ಒಪ್ಪಿಕೊಂಡು ರಾಜೀನಾಮೆಗೂ ಮುಂದಾದರು, ತಂಡ ಉಳಿಸಿಕೊಂಡಿತು. 2010ರಲ್ಲಿ ಆ ತಂಡ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ ಹೋಯಿತು, ಸೋತಿತು. 2011ರಲ್ಲಿ ಗೆಲುವು ಇನ್ನೊಂದೇ ಸ್ಟ್ರೈಕ್ ದೂರ ಇತ್ತು, ಅದೂ ಒಂದೇ ಪಂದ್ಯದಲ್ಲಿ ಎರಡು ಸಲ. ಆಗಲೂ ಕೈತಪ್ಪಿತು. 2014ರಲ್ಲಿ ಖಾಸಗಿ ಕಾರಣಕ್ಕೆ ಹುದ್ದೆ ಬಿಟ್ಟರು. ಮರುವರ್ಷ ಓಕ್ಲೆಂಡ್‌ಗೆ ವಾಪಸ್, ಮ್ಯಾನೇಜರ್ ಆಗಿ ಅಲ್ಲ, ಕೋಚ್ ಆಗಿ. ಮೇಲಿನ ಕುರ್ಚಿ ಬಿಟ್ಟವರು ಕೆಳಗಿನ ಕೆಲಸಕ್ಕೆ ನಾಚಲಿಲ್ಲ. 2021ರಲ್ಲಿ ಅಟ್ಲಾಂಟಾ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಕೋಚ್ ಆಗಿ ಇದ್ದರು, 69ನೇ ವಯಸ್ಸಿನಲ್ಲಿ. 2024ಕ್ಕೆ ಏಂಜೆಲ್ಸ್ ತಂಡ ಅವರನ್ನು ಮತ್ತೆ ಮ್ಯಾನೇಜರ್ ಮಾಡಿತು.

ಈಗ ನನ್ನ ತಪ್ಪು ಹೇಳ್ತೀನಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಕಂಟ್ರೋಲ್ ವೈರಿಂಗ್ ಮಾಡುವಾಗೆಲ್ಲ ನನ್ನ ಹೆಲ್ಪರ್ ಹುಡುಗನನ್ನು ಏನಾದ್ರೂ ತಾ ಅಂತ ಸ್ಟೋರಿಗೆ ಕಳಿಸ್ತಿದ್ದೆ. ಕಲಿತರೆ ನನ್ನ ಓವರ್‌ಟೈಮ್ ಅವನಿಗೆ ಹೋದೀತು ಅನ್ನೋ ಭಯ. ಒಂದು ದಿನ ನಾನು ಜ್ವರ ಬಂದು ಮಲಗಿದೆ. ಮೋಟಾರ್ ನಿಂತಿತು, ಅವನಿಗೆ ಗೊತ್ತಾಗಲಿಲ್ಲ. ಬೈಗುಳ ತಿಂದವನು ಅವನು, ತಪ್ಪು ನನ್ನದು. ಈಗ ಟೆಸ್ಟರ್ ಅವನ ಕೈಗೆ ಕೊಟ್ಟು ನಾನು ಪಕ್ಕದಲ್ಲಿ ನಿಲ್ತೀನಿ.

ನಮ್ಮ ಮೊಣಕಾಲು, ಕಣ್ಣು ಒಂದು ದಿನ ಸೋಲ್ತಾವೆ. ವೀಸಾ ಮುಗಿಯುತ್ತೆ. ಆಗ ನಾವು ಕಲಿಸಿಕೊಟ್ಟ ಕೆಲಸ ಇನ್ನೊಬ್ಬನ ಕೈಯಲ್ಲಿ ಉಳಿದಿರಬೇಕು. ನಾಳೆ ಡ್ಯೂಟಿಗೆ ಹೋದಾಗ ಹೆಲ್ಪರ್‌ನ ಹತ್ತಿರ ಕರೆದು ಒಂದು ಕೆಲಸ ತೋರಿಸಿಕೊಡಿ. ಇಷ್ಟೇ ನನ್ನ ಕೋರಿಕೆ.