ಮೋಟಾರಿನ ಕರಿಗಾಜು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಸ್ವಂತ ಮೋಟಾರು ಉಳ್ಳವರು ಕಡಿಮೆ, ಇನ್ನೊಬ್ಬರ ಮೋಟಾರು ನಡೆಸುವವರು ಬಹಳ. ಗಾಜಿಗೆ ಕರಿ ಫಿಲ್ಮು ಅಂಟಿಸುವವನು ಧಣಿ; ಪೋಲೀಸರ ಕೈಗೆ ಮೊದಲು ಸಿಗುವವನು ಚಕ್ರ ಹಿಡಿದವನು. ಅದಕ್ಕೇ ಈ ವಿಷಯವನ್ನು ಇಂದು ಎತ್ತಿಕೊಂಡಿದ್ದೇವೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಇದಕ್ಕೆ ಮೂಲ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70ರಷ್ಟು ಬೆಳಕು ಹಾಯಬೇಕು. ಪಕ್ಕದ ಗಾಜುಗಳಲ್ಲಿ 50. ಈ ಮಿತಿಯೊಳಗೆ ಕಾರ್ಖಾನೆಯಿಂದಲೇ ತುಸು ಬಣ್ಣ ಕೂಡಿ ಬಂದ ಗಾಜಿಗೆ ಅಡ್ಡಿಯಿಲ್ಲ.

ಜಗಳವೆಲ್ಲ ಮೇಲೆ ಅಂಟಿಸುವ ಫಿಲ್ಮಿನದು. ಎಷ್ಟೇ ಬೆಳಕು ಬಿಡುವಂಥದಾದರೂ ಅದನ್ನು ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ತೀರ್ಪಿತ್ತಿತು. ಒಳಗೇನು ನಡೆಯುತ್ತಿದೆಯೆಂದು ಕಾಣದ ವಾಹನ ಅಪರಾಧಕ್ಕೆ ಅನುಕೂಲವೆಂಬುದು ಮುಖ್ಯ ಕಾರಣ. ಫಿಲ್ಮು ತಯಾರಿಸುವವರು ತಿದ್ದುಪಡಿ ಬೇಡಿದರು, ನ್ಯಾಯಾಲಯ ಒಪ್ಪಲಿಲ್ಲ. ‘ಝಡ್’ ಮತ್ತು ‘ಝಡ್ ಪ್ಲಸ್’ ಭದ್ರತೆಯವರಿಗೆ ಮಾತ್ರ ವಿನಾಯಿತಿಗೆ ಎಡೆಯಿಟ್ಟಿತು. ನಮ್ಮ ಧಣಿಗಳು ಆ ಪಟ್ಟಿಯಲ್ಲಿಲ್ಲ!

ಅನಂತರ ನಿಯಮದ ಮಾತೇ ಬದಲಾಯಿತು. 2021ರ ಏಪ್ರಿಲ್ 1ರಿಂದ ‘ಸೇಫ್ಟಿ ಗ್ಲೇಜಿಂಗ್’ ಎಂಬುದಕ್ಕೂ ಅವಕಾಶ ಸಿಕ್ಕಿತು. ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜೂ ಇದರಲ್ಲಿ ಸೇರುತ್ತದೆ. ಇದನ್ನೇ ಹಿಡಿದು ಕೇರಳ ಹೈಕೋರ್ಟು 2024ರಲ್ಲಿ, ನಿಯಮದ ಮಿತಿಗೆ ಒಳಪಟ್ಟ ಫಿಲ್ಮಿಗೆ ದಂಡ ಹಾಕುವಂತಿಲ್ಲವೆಂದಿತು. ಹಾಗಾದರೆ ಸರಿಹೋಯಿತಲ್ಲ ಎನ್ನಬೇಡಿ. ಅದು ಕೇರಳದ ತೀರ್ಪು. ಇಲ್ಲಿಯ ಪೋಲೀಸರು 2012ರ ಮಾತೆತ್ತಿದರೆ ಬೀದಿಯಲ್ಲಿ ನಿಂತು ವಾದಿಸಿ ಗೆಲ್ಲುವುದು ಕಷ್ಟ.

ಅಂಗಡಿಯವನು ಹೇಳದ ಲೆಕ್ಕವೊಂದಿದೆ. ಶೇಕಡಾ 70 ಬೆಳಕು ಬಿಡುವ ಗಾಜಿಗೆ ಶೇಕಡಾ 70 ಬಿಡುವ ಫಿಲ್ಮು ಹಚ್ಚಿದರೆ ಒಳಬರುವುದು 70 ಅಲ್ಲ, 49! ಎಪ್ಪತ್ತರಲ್ಲಿ ಮತ್ತೆ ಶೇಕಡಾ ಎಪ್ಪತ್ತು ತೆಗೆದು ನೋಡಿ. ಪಕ್ಕದ ಗಾಜಿಗೂ ಅದು ಸಾಲದು. ಪೊಟ್ಟಣದ ಮೇಲಿನ ಅಂಕಿ ಬರಿಯ ಫಿಲ್ಮಿನದು. ಪೋಲೀಸರು ಯಂತ್ರವಿಟ್ಟು ಅಳೆದರೆ ಎರಡೂ ಕೂಡಿದ್ದು ಬರುತ್ತದೆ.

ದಂಡ, ಮೋಟಾರು ವಾಹನ ಕಾಯಿದೆಯ 177ನೆಯ ಕಲಮಿನಂತೆ, ಮೊದಲ ಸಲ 500 ರೂಪಾಯಿಯವರೆಗೆ, ಮತ್ತೆ ಸಿಕ್ಕಿದರೆ 1500ರವರೆಗೆ. ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳಿಸುವವನಿಗೆ ಇದು ಸಣ್ಣದಲ್ಲ. ಯಾರು ತೆರಬೇಕೆಂಬುದನ್ನು ಕೆಲಸಕ್ಕೆ ಸೇರುವಾಗಲೇ ಧಣಿಯೊಡನೆ ಮಾತಾಡಿಕೊಳ್ಳಿ. ಸಿಕ್ಕಿಬಿದ್ದ ಮೇಲೆ ಮಾತಿಗೆ ಬೆಲೆಯಿರದು.

ಹಳೆಯ ಟ್ಯಾಕ್ಸಿ ಕೊಳ್ಳುವವರು ಫಿಲ್ಮನ್ನು ಮಾರುವವನಿಂದಲೇ ತೆಗೆಸಿಕೊಳ್ಳುವುದು ಲೇಸು. ನೀವೇ ತೆಗೆಯುವುದಾದರೆ, ಹಿಂಗಾಜಿನಲ್ಲಿ ಸಣ್ಣ ತಂತಿಗೆರೆಗಳಿದ್ದಲ್ಲಿ ಬ್ಲೇಡು ಮುಟ್ಟಿಸಬೇಡಿ. ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಸುಲಿಯಿರಿ.